ಕಡಲತೀರದ ಸ್ಪೀಕರಿನಲ್ಲಿ ಸೋಲುವ ಬೇಸ್ ವಾದಕರು

ಪ್ರಶ್ನೆ: ನಾವು ಕಾರವಾರದಲ್ಲಿ ಡಿಗ್ರಿ ಓದುತ್ತಿರುವ ನಾಲ್ವರು ಗೆಳೆಯರು. ಸಂಜೆ ಟಾಗೋರ್ ಕಡಲತೀರದಲ್ಲಿ ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ರಾಕ್ ಕೇಳುತ್ತೇವೆ. ರಾಕ್‌ನಲ್ಲಿ ಎಲ್ಲರಿಗಿಂತ ದೊಡ್ಡ ಬೇಸ್ ಗಿಟಾರ್ ವಾದಕ ಯಾರು ಎಂಬ ವಾದ ಮುಗಿಯುತ್ತಲೇ ಇಲ್ಲ. ಒಬ್ಬ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಬ್ಯಾಂಡಿನ ಫ್ಲೀ ಅನ್ನುತ್ತಾನೆ, ಒಬ್ಬ ಮೆಟಾಲಿಕಾದ ಕ್ಲಿಫ್ ಬರ್ಟನ್, ಮತ್ತೊಬ್ಬ ಪ್ರೈಮಸ್ ಬ್ಯಾಂಡಿನ ಲೆಸ್ ಕ್ಲೇಪೂಲ್. ನಾನು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅಂದರೆ ನಗುತ್ತಾರೆ. ನಮ್ಮ ಬ್ಯಾಂಡಿನಲ್ಲಿ ಬೇಸ್ ನುಡಿಸುವವನು ನಾನೇ. ಈಗ 'ಬೇಸ್ ಕೀಬೋರ್ಡಿನವನ ಎಡಗೈಯಲ್ಲೇ ಆಗ್ತದೆ, ನೀನು ಗಿಟಾರ್ ಕಲಿ' ಅಂತಲೂ ಶುರು ಮಾಡಿದ್ದಾರೆ. ಯಾರು ದೊಡ್ಡವರು? ಹೇಗೆ ಅಳೆಯಬೇಕು? ನಾನು ಯಾರನ್ನು ಕೇಳಿ ಕಲಿಯಲಿ?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ಮೊದಲು ನಿಂತಿದ್ದು ಆ ಬ್ಲೂಟೂತ್ ಸ್ಪೀಕರಿನ ಮೇಲೆ. ನಿಮ್ಮ ಜಗಳಕ್ಕೆ ಅರ್ಧ ಕಾರಣ ಅದೇ.

ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂದರೆ 41 ಹರ್ಟ್ಸ್. ಸಾಮಾನ್ಯ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಸರಿಯಾಗಿ ಒಂದು ಸಪ್ತಕ ಮೇಲೆ. 41 ಹರ್ಟ್ಸ್‌ನ ಒಂದು ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗಿಂತ ಜಾಸ್ತಿ. ಅದನ್ನು ಎಬ್ಬಿಸಬೇಕಾದರೆ ಸ್ಪೀಕರ್ ತುಂಬ ಗಾಳಿ ತಳ್ಳಬೇಕು. ಅಂಗೈ ಅಗಲದ ಸ್ಪೀಕರಿಗೆ ಆ ತಾಕತ್ತಿಲ್ಲ. ಮೊಬೈಲಿಗಂತೂ ಕೇಳುವುದೇ ಬೇಡ. ಅವುಗಳಿಂದ ಹೊರಗೆ ಬರುವುದು ಆ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್ಸ್, ಮಾತ್ರ. ಕೆಳಗಿನ ಮೂಲ ಸ್ವರವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಯಾವ ಸ್ವರ ಅಂತ ತಿಳಿಯುತ್ತದೆ, ಅದರ ತೂಕ ಸಿಗುವುದಿಲ್ಲ.

ಅದೂ ನೀವು ಕೂತಿರುವುದು ಬಯಲಿನಲ್ಲಿ. ಕೋಣೆಯಲ್ಲಾದರೆ ಗೋಡೆ, ಮೂಲೆಗಳು ಮಂದ್ರವನ್ನು ಸ್ವಲ್ಪ ಎತ್ತಿ ಕೊಡುತ್ತವೆ. ತೀರದಲ್ಲಿ ಗೋಡೆಯೇ ಇಲ್ಲ. ಉಳಿದ ಅಷ್ಟಿಷ್ಟನ್ನು ಸಮುದ್ರದ ಮೊರೆತ ಮುಚ್ಚಿಹಾಕುತ್ತದೆ.

ಈಗ ನಿಮ್ಮ ಗೆಳೆಯರು ಹೇಳಿದ ಮೂರು ಹೆಸರು ನೋಡಿ. ಫ್ಲೀ ಹೆಸರು ಮಾಡಿದ್ದು ಸ್ಲಾಪ್‌ನಿಂದ. ಹೆಬ್ಬೆರಳಿನಿಂದ ತಂತಿಗೆ ಹೊಡೆಯುವುದು, ಬೆರಳಿನಿಂದ ಎಳೆದು ಬಿಡುವುದು. ತಂತಿ ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ, ಬಡಿದಾಗ ಬರುವ ಚಟ್ ಅನ್ನುವ ಸದ್ದು ಬಹಳ ಮೇಲಿನದು, ಯಾವ ಸ್ಪೀಕರಿನಲ್ಲೂ ಕೇಳುತ್ತದೆ. ಕ್ಲೇಪೂಲ್ ಕೂಡ ಹಾಗೆಯೇ, ಇನ್ನೂ ಒಂದು ಕೈ ಮುಂದೆ. ಬರ್ಟನ್ ತನ್ನ ಬೇಸಿಗೆ ಡಿಸ್ಟಾರ್ಷನ್, ಮತ್ತೆ ಸದ್ದು 'ವಾ ವಾ' ಅನ್ನುವ ಹಾಗೆ ಮಾಡುವ ವಾ ಪೆಡಲ್ ಹಾಕುತ್ತಿದ್ದ. ಡಿಸ್ಟಾರ್ಷನ್ ಅಂದರೇ ಹೊಸ ಹಾರ್ಮೋನಿಕ್ಸ್ ಹುಟ್ಟಿಸುವುದು. ಮೆಟಾಲಿಕಾದ 1984ರ 'ಫಾರ್ ಹೂಮ್ ದ ಬೆಲ್ ಟೋಲ್ಸ್' ಶುರುವಿನಲ್ಲಿ ಕೊರೆಯುವ ಹಾಗೆ ಇಳಿಯುವ ಆ ಸ್ವರಗಳು ಗಿಟಾರಿನವು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಬರ್ಟನ್‌ನ ಬೇಸ್.

ಮೂವರೂ ಪ್ರತಿಭಾವಂತರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಸ್ಪೀಕರಿನಿಂದ ಹೊರಗೆ ಬರಬಲ್ಲವರು ಮಾತ್ರ ನಿಮ್ಮ ಪಟ್ಟಿಯಲ್ಲಿದ್ದಾರೆ. ಯಕ್ಷಗಾನ ನೋಡಿದವರಿಗೆ ಇದನ್ನು ಬೇಗ ಹೇಳಬಹುದು. ಗದ್ದೆಯ ಆಚೆ ಮನೆಯಲ್ಲಿ ಮಲಗಿದವನಿಗೆ ಕೇಳುವುದು ಚಂಡೆ. ಭಾಗವತರ ಪದವನ್ನು ಹಿಡಿದು ನಡೆಸುವ ಮದ್ದಳೆ ಕೇಳಬೇಕಾದರೆ ರಂಗದ ಹತ್ತಿರ ಕೂತುಕೊಳ್ಳಬೇಕು. ಮಲಗಿದಲ್ಲಿಂದಲೇ 'ಇವತ್ತು ಚಂಡೆಯವನೇ ಜೋರು' ಎಂದು ತೀರ್ಪು ಕೊಟ್ಟರೆ ಮೇಳದವರು ಒಪ್ಪುತ್ತಾರಾ?

ಹಾಗಾಗಿ ಮೊದಲ ಕೆಲಸ ಕೇಳುವ ಜಾಗ ಬದಲಿಸುವುದು. ವೈರ್ ಇರುವ ಒಂದು ಸಾಧಾರಣ ಹೆಡ್‌ಫೋನ್ ಸಾಕು. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಾದರೆ ಒಳ್ಳೆಯದು. ಯಾರದಾದರೂ ಕಾರಿನಲ್ಲಿ ಕಿಟಕಿ ಏರಿಸಿ ಕೇಳಿದರೂ ಆದೀತು. ಬಸ್ಸಿನಲ್ಲಿ ಮಾತ್ರ ಬೇಡ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಸಿರ್ಸಿಗೆ ಬರುವಾಗ ಡೀಸೆಲ್ ಎಂಜಿನ್ನಿನ ಗುರುಗುರು ಇರುತ್ತದಲ್ಲ, ಅದು ಬೇಸ್ ಇರುವ ಜಾಗದಲ್ಲೇ ಕೂತಿರುತ್ತದೆ. ಎಷ್ಟೇ ವಾಲ್ಯೂಮ್ ಕೊಟ್ಟರೂ ಗಿಟಾರ್ ಮಾತ್ರ ಏರುತ್ತದೆ.

ಇನ್ನು ಅಳೆಯುವುದು ಹೇಗೆ ಅನ್ನುವುದು. ವೇಗವನ್ನು ಅಳೆದರೆ ಉತ್ತರ ಸುಲಭ, ಪ್ರಯೋಜನ ಕಡಿಮೆ. ಇವತ್ತು ಇಂಟರ್‌ನೆಟ್ಟಿನಲ್ಲಿ ಹದಿನಾಲ್ಕು ವರ್ಷದ ಮಕ್ಕಳು ಕ್ಲೇಪೂಲ್‌ನನ್ನು ಮೀರಿಸಿ ನುಡಿಸುತ್ತಾರೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಹಾಡಿನಿಂದ ಬೇಸ್ ತೆಗೆದರೆ ಏನು ಹೋಗುತ್ತದೆ? ಅದೇ ಜಾಗದಲ್ಲಿ ಇನ್ನೊಬ್ಬ ಒಳ್ಳೆಯ ವಾದಕನನ್ನು ಕೂರಿಸಿದರೆ ಹಾಡು ಬೇರೆಯಾಗುತ್ತದಾ?

ಮೊದಲ ಪ್ರಶ್ನೆಯನ್ನು ಕಿವಿಯಲ್ಲೇ ಪರೀಕ್ಷೆ ಮಾಡಲು ಎರಡು ಉದಾಹರಣೆ ಇವೆ. ಎಸಿಡಿಸಿಯ 1979ರ 'ಹೈವೇ ಟು ಹೆಲ್' ಹಾಕಿ. ಶುರುವಿನಲ್ಲಿ ಗಿಟಾರ್, ಡ್ರಮ್ಸ್, ಹಾಡುವವನು, ಅಷ್ಟೇ. ಕ್ಲಿಫ್ ವಿಲಿಯಮ್ಸ್ ಸುಮ್ಮನಿದ್ದಾನೆ. ಕೋರಸ್ ಬರುವಾಗ ಬೇಸ್ ಒಳಗೆ ಬರುತ್ತದೆ. ನುಡಿಸುವುದು ಬಹಳ ಸರಳ, ಒಂದೇ ಸಮನೆ ನಡೆಯುವ ಸ್ವರಗಳು. ಆದರೆ ಆ ಕ್ಷಣದಲ್ಲಿ ಹಾಡಿನ ಗಾತ್ರವೇ ಬದಲಾಗುತ್ತದೆ. ಎರಡನೆಯದು ಉಲ್ಟಾ ಉದಾಹರಣೆ. ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 24 ವರ್ಷ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. 1988ರಲ್ಲಿ ಬಂದ ಮೆಟಾಲಿಕಾದ ಮುಂದಿನ ಆಲ್ಬಂನಲ್ಲಿ ಅವನ ಬೇಸನ್ನು ಎಲ್ಲ ವಾದ್ಯಗಳನ್ನು ಬೆರೆಸುವ ಮಿಕ್ಸ್‌ನಲ್ಲಿ ಎಷ್ಟು ತಗ್ಗಿಸಿದರೆಂದರೆ, ಹುಡುಕಿದರೂ ಸಿಗುವುದಿಲ್ಲ. ಹಾಡುಗಳು ಚೆನ್ನಾಗಿವೆ, ಸದ್ದು ಮಾತ್ರ ಒಣಗಿದೆ. ಬರ್ಟನ್ ಇದ್ದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಪಕ್ಕದಲ್ಲಿ ಅದನ್ನು ಇಟ್ಟು ಕೇಳಿದರೆ ಬೇಸ್ ಏನು ಮಾಡುತ್ತಿತ್ತು ಅಂತ ಯಾರೂ ವಿವರಿಸಬೇಕಾಗಿಲ್ಲ. ನಿಮ್ಮ ಗೆಳೆಯ ಬರ್ಟನ್ ಪರ ವಾದಿಸುವಾಗ ಸೋಲೋ ಬಿಟ್ಟು ಇದನ್ನು ಹೇಳಿದರೆ ನಾನೂ ಅವನ ಕಡೆ ಒಂದು ಹೆಜ್ಜೆ ಇಡುತ್ತೇನೆ.

ಮೆಕಾರ್ಟ್ನಿ ಅಂದರೆ ನಗುತ್ತಾರೆ ಅಂದಿರಿ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಅವರು ಬೇಸ್ ನುಡಿಸುವ ಆಸೆಯಿಂದ ಬಂದವರಲ್ಲ. ಬೀಟಲ್ಸ್ ಹ್ಯಾಂಬರ್ಗ್‌ನಲ್ಲಿ ನುಡಿಸುತ್ತಿದ್ದಾಗ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬ್ಯಾಂಡ್ ಬಿಟ್ಟ. ಆ ಕೆಲಸ ಉಳಿದವರಲ್ಲಿ ಯಾರಿಗೂ ಬೇಕಿರಲಿಲ್ಲ. 1961ರಲ್ಲಿ ಮೆಕಾರ್ಟ್ನಿ ಪಿಟೀಲಿನ ಆಕಾರದ ಒಂದು ಹೋಫ್ನರ್ ಬೇಸ್ ಕೊಂಡರು. ಅವರದು ಎಡಗೈ. ಎರಡೂ ಕಡೆ ಒಂದೇ ಆಕಾರ ಇರುವುದರಿಂದ ತಿರುಗಿಸಿ ಹಿಡಿದರೂ ವಿಚಿತ್ರ ಕಾಣುವುದಿಲ್ಲ, ಜೊತೆಗೆ ಅಗ್ಗ. ಮೊದಲ ವರ್ಷಗಳ ಹಾಡುಗಳಲ್ಲಿ ಬೇಸ್ ಚೊಕ್ಕವಾಗಿದೆ, ಅಷ್ಟೇ. ಬದಲಾವಣೆ 1966ರ ಹೊತ್ತಿಗೆ ಕೇಳುತ್ತದೆ. 'ಪೇಪರ್‌ಬ್ಯಾಕ್ ರೈಟರ್' ಹಾಡಿಗೆ ಬೇಸ್ ಇನ್ನೂ ಜೋರಾಗಿ ಬೇಕು ಅಂತ ಸ್ಟುಡಿಯೋದವರು ಒಂದು ದೊಡ್ಡ ಸ್ಪೀಕರನ್ನೇ ಮೈಕ್ ಆಗಿ ಬಳಸಿದರು. ಆ ರೆಕಾರ್ಡಿನ ಹಿಂಬದಿಯ ಹಾಡು 'ರೇನ್'. ಅದರಲ್ಲಿ ಮೆಕಾರ್ಟ್ನಿಯ ಬೇಸ್ ಮತ್ತು ರಿಂಗೋ ಸ್ಟಾರ್‌ನ ಡ್ರಮ್ಸ್ ಎರಡನ್ನೇ ಹಿಡಿದು ಒಮ್ಮೆ ಪೂರ್ತಿ ಕೇಳಿ.

ಮುಂದಿನ ವರ್ಷದಿಂದ ಅವರು ಇನ್ನೊಂದು ರೂಢಿ ಹಿಡಿದರು. ಎಷ್ಟೋ ಹಾಡುಗಳಲ್ಲಿ ಉಳಿದದ್ದೆಲ್ಲ ರೆಕಾರ್ಡ್ ಆದ ಮೇಲೆ, ಕೊನೆಯಲ್ಲಿ ಬೇಸ್ ಸೇರಿಸುವುದು. ಹಾಡು ಎಲ್ಲಿ ಖಾಲಿ ಇದೆ, ಎಲ್ಲಿ ತುಂಬಿದೆ ಅಂತ ಗೊತ್ತಾದ ಮೇಲೆ ನುಡಿಸುವುದು. 1969ರ 'ಸಮ್‌ಥಿಂಗ್' ಜಾರ್ಜ್ ಹ್ಯಾರಿಸನ್ ಬರೆದ ಹಾಡು. ಅದರಲ್ಲಿ ಬೇಸ್ ತನ್ನದೇ ಒಂದು ರಾಗ ಹಾಡುತ್ತದೆ, ಆದರೂ ಹಾಡುವವನ ದಾರಿಗೆ ಅಡ್ಡ ಬರುವುದಿಲ್ಲ. ಇದು ಕೈಯ ವೇಗದಿಂದ ಬರುವ ವಿದ್ಯೆಯಲ್ಲ. ನಿಮ್ಮ ಗೆಳೆಯರು ನಗಲಿ ಬಿಡಿ, ಹೆಡ್‌ಫೋನ್ ಕೊಟ್ಟು 'ಸಮ್‌ಥಿಂಗ್' ಹಾಕಿ, ಬೇಸನ್ನು ಬಾಯಲ್ಲಿ ಗುನುಗಲು ಹೇಳಿ. ಗುನುಗಬಹುದಾದ ಬೇಸ್ ಎಷ್ಟು ಅಪರೂಪ ಅಂತ ಆಗ ತಿಳಿಯುತ್ತದೆ.

ಗುನುಗುವ ಬೇಸ್ ಅಂದಾಗ ನಮ್ಮ ಮನೆಯಂಗಳದ ಒಂದು ಮಾತು. ಹೊನ್ನಾವರದ ಶಂಕರ್ ನಾಗ್ 1981ರಲ್ಲಿ 'ಗೀತಾ' ನಿರ್ದೇಶಿಸಿದಾಗ ಸಂಗೀತ ಇಳಯರಾಜ ಅವರದು. ಆ ಹಾಡುಗಳು ನಮ್ಮ ಕಡೆ ರಸಮಂಜರಿಗಳಲ್ಲಿ ಇವತ್ತಿಗೂ ಇವೆ. ಇಳಯರಾಜ ಬೇಸ್ ಗಿಟಾರಿಗೆ ಬೇರೆಯೇ ಒಂದು ಎಳೆ ಬರೆಯುತ್ತಾರೆ, ಪಲ್ಲವಿಯ ಹಿಂದೆ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಇದು ಮೆಕಾರ್ಟ್ನಿ ಮಾಡಿದ ಕೆಲಸದ ಜಾತಿಯದೇ. ರಾಕ್ ಕೇಳಿ ಕಿವಿ ಪಳಗಿಸಿಕೊಳ್ಳಲು ಕಷ್ಟವಾದರೆ ಮೊದಲು 'ಗೀತಾ' ಹಾಡುಗಳಲ್ಲಿ ಬೇಸ್ ಹುಡುಕಿ. ಹಾಡು ಬಾಯಿಪಾಠ ಇರುವುದರಿಂದ ಬೇಸ್ ಬೇಗ ಬಿಡಿಸಿಕೊಂಡು ಕಾಣುತ್ತದೆ.

ಮತ್ತೆ ಪಟ್ಟಿಗೆ. ದೊಡ್ಡವರು ಯಾರು ಅನ್ನುವ ವಾದ ನಿಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2011ರಲ್ಲಿ ಓದುಗರ ಮತ ಕೇಳಿದಾಗ ಮೊದಲು ಬಂದದ್ದು ದ ಹೂ ಬ್ಯಾಂಡಿನ ಜಾನ್ ಎಂಟ್‌ವಿಸಲ್. 2020ರಲ್ಲಿ ಅದೇ ಪತ್ರಿಕೆ ತಾನೇ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಜೇಮ್ಸ್ ಜೇಮರ್ಸನ್‌ಗೆ. ಒಂದೇ ಪತ್ರಿಕೆ, ಎರಡು ಉತ್ತರ. ಎರಡಕ್ಕೂ ಕಾರಣ ಇದೆ.

ಎಂಟ್‌ವಿಸಲ್ ಬೇಸಿನ ಸದ್ದನ್ನೇ ಬದಲಿಸಿದವನು. ಅವನಿಗಿಂತ ಮೊದಲು ಬೇಸ್ ಅಂದರೆ ಹಿಂದೆ ಎಲ್ಲೋ ಧಪ್ ಧಪ್ ಅನ್ನುವ ಸದ್ದು. 1965ರ 'ಮೈ ಜನರೇಷನ್' ಹಾಡಿನ ಮಧ್ಯೆ, ಸಾಮಾನ್ಯವಾಗಿ ಗಿಟಾರ್ ಸೋಲೋ ಬರುವ ಜಾಗದಲ್ಲಿ, ಬೇಸ್ ಸೋಲೋ ಬರುತ್ತದೆ. ಆ ಕಾಲಕ್ಕೆ ಇದು ಕೇಳಿರದ ವಿಷಯ. ಬೇಸಿಗೆ ಸುತ್ತು ತಂತಿ ಬರುತ್ತದಲ್ಲ, ರೌಂಡ್‌ವೌಂಡ್, ಪಿಯಾನೋದ ಹಾಗೆ ಝಣ್ ಅನ್ನುವಂಥದ್ದು, ಅದನ್ನು ತಂತಿ ಮಾಡುವ ಕಂಪನಿಯ ಜೊತೆ ಕೂತು ಸರಿಯಾಗಿ ಮಾಡಿಸಿದವನೂ ಅವನೇ. ಅವನ ಬ್ಯಾಂಡಿನಲ್ಲಿ ಗಿಟಾರಿನ ಪೀಟ್ ಟೌನ್‌ಶೆಂಡ್ ಹೆಚ್ಚಾಗಿ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಹೊಡೆಯುತ್ತಿದ್ದ. ಡ್ರಮ್ಸ್‌ನ ಕೀತ್ ಮೂನ್ ತಾಳ ಹಿಡಿಯುವ ಬದಲು ಎಲ್ಲ ಕಡೆ ಓಡಾಡುತ್ತಿದ್ದ. ಹಾಗಾಗಿ ರಾಗವೂ ಬೇಸಿನದೇ, ಕಾವಲೂ ಬೇಸಿನದೇ. ವೇದಿಕೆಯಲ್ಲಿ ಉಳಿದ ಮೂವರು ಕುಣಿಯುತ್ತಿದ್ದರೆ ಇವನು ಅಲ್ಲಾಡದೆ ನಿಂತಿರುತ್ತಿದ್ದ, ಬೆರಳು ಮಾತ್ರ ಓಡುತ್ತಿತ್ತು. 1973ರ 'ದ ರಿಯಲ್ ಮಿ' ಕೇಳಿ. ಅಂದ ಹಾಗೆ, ಎಂಟ್‌ವಿಸಲ್ ನಿಮ್ಮ ಸಣ್ಣ ಸ್ಪೀಕರಿನಲ್ಲೂ ಕೇಳುತ್ತಾನೆ. ಹಾಗೆ ಕೇಳುವವರೆಲ್ಲ ಬರೀ ಸದ್ದಿನವರು ಅಂತ ನಾನು ಹೇಳುತ್ತಿಲ್ಲ.

ಜೇಮರ್ಸನ್ ರಾಕ್ ವಾದಕರಲ್ಲ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಸ್ಟುಡಿಯೋದಲ್ಲಿ ಕೂತು ಸೋಲ್ ಹಾಡುಗಳಿಗೆ ನುಡಿಸಿದವರು. ಬಲಗೈಯ ಒಂದೇ ತೋರುಬೆರಳು. 1962ರ ಒಂದು ಫೆಂಡರ್ ಪ್ರಿಸಿಷನ್ ಬೇಸ್. ತಂತಿ ಹಳತಾದರೂ ಬದಲಿಸುತ್ತಿರಲಿಲ್ಲ. ರೇಡಿಯೋದಲ್ಲಿ ಜಗತ್ತೆಲ್ಲ ಕೇಳಿದ ಹಾಡುಗಳು, ಆದರೆ ಆಲ್ಬಂ ಮೇಲೆ ವಾದಕರ ಹೆಸರೇ ಹಾಕುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಹೆಸರು ಬಂತು. 1983ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು. ಮೆಕಾರ್ಟ್ನಿ ತಾನು ಕಲಿತದ್ದು ಇವರಿಂದ ಅಂತ ಬಾಯಿಬಿಟ್ಟು ಹೇಳಿದ್ದಾರೆ. ರಾಕ್ ಪಟ್ಟಿಗೆ ಜೇಮರ್ಸನ್ ಸೇರಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ನಾನು ಹೊರಗಿಡುತ್ತೇನೆ. ಜಾಜ್‌ನ ಜಾಕೋ ಪಾಸ್ಟೋರಿಯಸ್‌ನನ್ನೂ ಅದೇ ಕಾರಣಕ್ಕೆ.

ಉಳಿದವರನ್ನು ಬೇಗ ಬೇಗ ಹೇಳುತ್ತೇನೆ. ಕ್ರೀಮ್ ಬ್ಯಾಂಡಿನ ಜ್ಯಾಕ್ ಬ್ರೂಸ್ ಚೆಲ್ಲೋ ಕಲಿತು ಬಂದವನು. 'ಸನ್‌ಶೈನ್ ಆಫ್ ಯುವರ್ ಲವ್' ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರಗಳ ಸಣ್ಣ ತುಣುಕನ್ನು, ಗಿಟಾರ್ ಕಲಿಯುವ ಪ್ರತಿಯೊಬ್ಬನೂ ನುಡಿಸುತ್ತಾನೆ. ಅದನ್ನು ಹುಟ್ಟಿಸಿದ್ದು ಎರಿಕ್ ಕ್ಲ್ಯಾಪ್ಟನ್ ಅಲ್ಲ, ಬೇಸಿನ ಬ್ರೂಸ್. ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವೈರ್ ಪಿಕ್, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆ, ಹಿಡಿದು ರಿಕನ್‌ಬ್ಯಾಕರ್ ಬೇಸ್ ನುಡಿಸಿದ್ದು 1971ರ 'ರೌಂಡ್‌ಅಬೌಟ್'ನಲ್ಲಿ ಕೇಳಬೇಕು. ರಶ್ ಬ್ಯಾಂಡಿನ ಗೆಡ್ಡಿ ಲೀ ಹಾಡುತ್ತಾ, ಬೇಸ್ ನುಡಿಸುತ್ತಾ, ಕಾಲಿನಲ್ಲಿ ಬೇಸ್ ಪೆಡಲ್ ತುಳಿಯುತ್ತಾ, ಮಧ್ಯೆ ಕೀಬೋರ್ಡಿಗೂ ಕೈ ಹಾಕುತ್ತಿದ್ದ. ಶ್ರಮಕ್ಕೆ ಬಹುಮಾನ ಇದ್ದರೆ ಅವನಿಗೇ. ಬ್ಲ್ಯಾಕ್ ಸಬ್ಬಾತ್‌ನ ಗೀಜರ್ ಬಟ್ಲರ್ ಹೆವಿ ಮೆಟಲ್ ಬೇಸ್ ಅಂದರೆ ಏನು ಅಂತ ಮೊದಲು ತೋರಿಸಿದವನು, ಬ್ಯಾಂಡಿನ ಹೆಚ್ಚಿನ ಸಾಹಿತ್ಯವೂ ಅವನದೇ. ಮೋಟರ್‌ಹೆಡ್‌ನ ಲೆಮ್ಮಿ ಬೇಸಿನಲ್ಲಿ ಕಾರ್ಡ್ ಹೊಡೆಯುತ್ತಿದ್ದ. ನನಗೆ ಅವನು ಇಷ್ಟ, ಆದರೆ ಬೇಸ್ ವಾದಕ ಅಂತ ಅಲ್ಲ. ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ ನುಡಿಸಿದ ಕ್ಯಾರಲ್ ಕೇ ಹೆಸರು ಇಂಥ ವಾದಗಳಲ್ಲಿ ಬರುವುದೇ ಇಲ್ಲ. ಬೀಚ್ ಬಾಯ್ಸ್ ಹಾಡುಗಳಲ್ಲಿ ನೀವು ಅವರನ್ನು ಗೊತ್ತಿಲ್ಲದೆ ಕೇಳಿದ್ದೀರಿ.

ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. 2007ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನೂ ಆ ಧೂಳಿನಲ್ಲಿದ್ದೆ. ಬ್ಯಾಂಡ್ ಕಟ್ಟಿದವನು ಅವನು, ಹೆಚ್ಚಿನ ಹಾಡು ಬರೆದವನು ಅವನು. ಒಂದು ಉದ್ದ, ಎರಡು ಗಿಡ್ಡ, ಹೀಗೆ ಓಡುವ ಅವನ ಲಯವನ್ನು ಪಿಕ್ ಇಲ್ಲದೆ ಎರಡೇ ಬೆರಳಿನಲ್ಲಿ ನುಡಿಸುತ್ತಾನೆ. ದೊಡ್ಡ ಮೈದಾನದಲ್ಲಿ, ಆಳೆತ್ತರದ ಸ್ಪೀಕರುಗಳ ಎದುರು ನಿಂತಾಗ ಬೇಸ್ ಎದೆಗೂಡಿಗೆ ಬಡಿಯುತ್ತದೆ. ಆ ಅನುಭವ ಆದ ಮೇಲೆ ಮೊಬೈಲಿನಲ್ಲಿ ಕೇಳಿ ತೀರ್ಪು ಕೊಡಲು ಮನಸ್ಸು ಬರುವುದಿಲ್ಲ.

ಫ್ಲೀ ಬಗ್ಗೆ ಒಂದು ಮಾತು ಬಾಕಿ. ಅವನ ನಿಜವಾದ ದೊಡ್ಡಸ್ತಿಕೆ ಕಾಣುವುದು ಸ್ಲಾಪ್ ಕಡಿಮೆ ಮಾಡಿದಾಗ. 1989ರ 'ಹೈಯರ್ ಗ್ರೌಂಡ್'ನಲ್ಲಿ ಬರೀ ಬಡಿತ. ಎರಡೇ ವರ್ಷದ ನಂತರ, 1991ರ 'ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್' ಆಲ್ಬಂನಲ್ಲಿ ಬೇಕೆಂದೇ ಕೈ ಹಿಡಿದಿದ್ದಾನೆ. ಇದನ್ನು ನಿಮ್ಮ ಗೆಳೆಯನಿಗೆ ಹೇಳಿ, ಅವನ ವಾದ ಇನ್ನೂ ಗಟ್ಟಿಯಾಗುತ್ತದೆ.

ಸರಿ, ನನ್ನ ಓಟು ಯಾರಿಗೆ? ಲೆಡ್ ಜೆಪ್ಲಿನ್‌ನ ಜಾನ್ ಪಾಲ್ ಜೋನ್ಸ್‌ಗೆ.

ನಿಮ್ಮ ಕಡಲತೀರದ ಸ್ಪೀಕರಿನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಸೋಲುವವನು ಇವನೇ. ಅವನ ಸದ್ದು ಗುಂಡಗೆ, ಮೆತ್ತಗೆ, ಕಾಲಿನಿಂದ ಒದ್ದು ನುಡಿಸುವ ಬೇಸ್ ಡ್ರಮ್ಮಿನ ಪಕ್ಕದಲ್ಲೇ ಇರುತ್ತದೆ. ಸ್ಪೀಕರ್ ಅದನ್ನು ನುಂಗಿಬಿಡುತ್ತದೆ. ಉಳಿಯುವುದು ಜಿಮ್ಮಿ ಪೇಜ್‌ನ ಗಿಟಾರ್, ರಾಬರ್ಟ್ ಪ್ಲಾಂಟ್‌ನ ಕೂಗು. ಆದರೆ ಆ ಬ್ಯಾಂಡಿನ ಲೆಕ್ಕ ಹಾಕಿ ನೋಡಿ. ಒಬ್ಬನೇ ಗಿಟಾರಿನವನು. ಅವನು ಸೋಲೋಗೆ ಹೋದರೆ ಹಿಂದೆ ಕಾರ್ಡ್ ಹಿಡಿಯಲು ಇನ್ನೊಂದು ಗಿಟಾರ್ ಇಲ್ಲ. ಡ್ರಮ್ಸ್‌ನಲ್ಲಿ ಜಾನ್ ಬೋನಮ್, ಗುಡುಗುವ ಆಸಾಮಿ. ಇವರಿಬ್ಬರ ಮಧ್ಯೆ ಹಾಡು ಯಾವ ಶ್ರುತಿಯಲ್ಲಿದೆ, ಎಲ್ಲಿಗೆ ಹೋಗುತ್ತಿದೆ ಅಂತ ಕೇಳುವವನಿಗೆ ತಿಳಿಸುವ ಕೆಲಸ ಒಬ್ಬ ಜೋನ್ಸ್‌ನದು. 1969ರ ಎರಡನೇ ಆಲ್ಬಂನಲ್ಲಿ 'ದ ಲೆಮನ್ ಸಾಂಗ್' ಇದೆ. ಹೆಡ್‌ಫೋನ್ ಹಾಕಿ ಗಿಟಾರನ್ನು ಮರೆತು ಬೇಸ್ ಮಾತ್ರ ಹಿಂಬಾಲಿಸಿ. ಒಂದೇ ಬ್ಲೂಸ್ ಸುತ್ತು ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿ ಸುತ್ತಿನಲ್ಲಿ ಅವನ ನಡೆ ಬೇರೆ. ಹೆಚ್ಚಿನದು ಆ ಕ್ಷಣಕ್ಕೆ ಹೊಳೆದದ್ದು. ಆದರೂ ಬೋನಮ್‌ನ ಒದೆತ ಎಲ್ಲಿ ಬೀಳುತ್ತದೋ ಅಲ್ಲಿ ಇವನ ಬೆರಳೂ ಇರುತ್ತದೆ. ಅದೇ ಆಲ್ಬಂನ 'ರ‍್ಯಾಂಬಲ್ ಆನ್'ನಲ್ಲಿ ಚರಣದ ಬೇಸ್ ತನ್ನಷ್ಟಕ್ಕೆ ಒಂದು ಹಾಡು.

ಲೆಡ್ ಜೆಪ್ಲಿನ್ ಶುರುವಾಗುವ ಮೊದಲೇ ಅವನು ಲಂಡನ್ನಿನ ಸ್ಟುಡಿಯೋಗಳಲ್ಲಿ ದುಡಿದವನು. ರೋಲಿಂಗ್ ಸ್ಟೋನ್ಸ್ ಅವರ 1967ರ 'ಶೀ ಈಸ್ ಎ ರೇನ್‌ಬೋ' ಹಾಡಿನ ತಂತಿವಾದ್ಯಗಳನ್ನು ಜೋಡಿಸಿದ್ದು ಇವನೇ. ಇಡೀ ಹಾಡನ್ನು ಒಟ್ಟಾಗಿ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು. 1971ರ 'ಬ್ಲ್ಯಾಕ್ ಡಾಗ್' ರಿಫ್ ಇವನ ಕಲ್ಪನೆ. ರಿಫ್ ಒಂದು ಲೆಕ್ಕದಲ್ಲಿ ಹೋಗುತ್ತದೆ, ಡ್ರಮ್ಸ್ ಇನ್ನೊಂದು ಲೆಕ್ಕದಲ್ಲಿ, ತಪ್ಪಿತು ಅನ್ನುವಷ್ಟರಲ್ಲಿ ಎರಡೂ ಬಂದು ಸೇರುತ್ತವೆ. ನಮ್ಮ ಕಡೆ ತಬಲಾ, ಮದ್ದಳೆ ಕಲಿತವರಿಗೆ ಈ ಹಾಡು ಕೇಳಿಸಿದರೆ ಖುಷಿಪಡುತ್ತಾರೆ, ಗಿಟಾರ್ ಇಷ್ಟವಿಲ್ಲದಿದ್ದರೂ.

ಇನ್ನೊಬ್ಬ ಒಳ್ಳೆಯ ವಾದಕನನ್ನು ಆ ಜಾಗದಲ್ಲಿ ಕೂರಿಸಿ ನೋಡುವ ನನ್ನ ಎರಡನೇ ಪ್ರಶ್ನೆ ಇತ್ತಲ್ಲ. ಎಂಟ್‌ವಿಸಲ್‌ನನ್ನು ಅಲ್ಲಿ ಕೂರಿಸಿದರೆ ಪೇಜ್‌ಗೆ ಜಾಗವಿರುವುದಿಲ್ಲ. ಸ್ಕ್ವೈರ್ ಬಂದರೆ ಬೋನಮ್ ಜೊತೆ ಆ ಅಂಟು ಇರುವುದಿಲ್ಲ. ಮೆಕಾರ್ಟ್ನಿ ಬಂದರೆ? ಇಲ್ಲಿ ನಾನೂ ಸ್ವಲ್ಪ ತಡವರಿಸುತ್ತೇನೆ. ಅದಕ್ಕೇ ಎರಡನೇ ಸ್ಥಾನ ಅವರಿಗೆ, ಬಹಳ ಹತ್ತಿರದ ಎರಡನೇ ಸ್ಥಾನ. ಬರೆದ ಹಾಡುಗಳನ್ನೂ ಸೇರಿಸಿ ಅಳೆದರೆ ಅವರೇ ಮೊದಲು, ಆದರೆ ನೀವು ಕೇಳಿದ್ದು ಬೇಸ್ ಬಗ್ಗೆ.

ಇನ್ನು ಕೀಬೋರ್ಡಿನವನ ಎಡಗೈ. ನಿಮ್ಮ ಗೆಳೆಯರು ಈ ಮಾತನ್ನು ರಸಮಂಜರಿ ನೋಡಿ ಕಲಿತಿರಬೇಕು. ಜಾತ್ರೆ, ಗಣೇಶೋತ್ಸವದ ವೇದಿಕೆಗಳಲ್ಲಿ ಒಬ್ಬರ ಸಂಭಾವನೆ ಉಳಿಯಲಿ ಅಂತ ಬೇಸಿನವನನ್ನು ಬಿಟ್ಟು ಕೀಬೋರ್ಡಿನಲ್ಲೇ ಮುಗಿಸುವುದು ಇದೆ. ನಾನೂ ಆ ವೇದಿಕೆಗಳಲ್ಲಿ ನುಡಿಸಿದವನು, ಬೇಸಿನವನೇ ಮೊದಲು ಕಡಿತ ಆಗುವುದು. ನಿಮ್ಮ ಗೆಳೆಯರ ಪರವಾಗಿ ಒಂದು ದೊಡ್ಡ ಉದಾಹರಣೆಯೂ ಇದೆ. ದ ಡೋರ್ಸ್ ಬ್ಯಾಂಡಿನಲ್ಲಿ ಬೇಸ್ ವಾದಕನೇ ಇರಲಿಲ್ಲ. ರೇ ಮಾಂಜರೆಕ್ ಬಲಗೈಯಲ್ಲಿ ಆರ್ಗನ್, ಎಡಗೈಯಲ್ಲಿ ಬೇಸಿಗೆಂದೇ ಮಾಡಿದ ಸಣ್ಣ ಕೀಬೋರ್ಡ್ ನುಡಿಸುತ್ತಿದ್ದ. ಆದರೆ ಅದೇ ಡೋರ್ಸ್ ಸ್ಟುಡಿಯೋಗೆ ಹೋದಾಗ ಎಷ್ಟೋ ಹಾಡಿಗೆ ಹೊರಗಿನ ಬೇಸ್ ವಾದಕನನ್ನು ಕರೆಸುತ್ತಿದ್ದರು. 1971ರ 'ಎಲ್.ಎ. ವುಮನ್' ಆಲ್ಬಂಗೆ ಬಂದದ್ದು ಎಲ್ವಿಸ್ ಪ್ರೆಸ್ಲಿ ಜೊತೆ ನುಡಿಸುತ್ತಿದ್ದ ಜೆರ್ರಿ ಶೆಫ್. ಎಡಗೈ ಸ್ವರ ಕೊಡುತ್ತದೆ. ಸ್ವರ ಯಾವಾಗ ನಿಲ್ಲಬೇಕು, ಎಷ್ಟು ಎಳೆಯಬೇಕು, ಡ್ರಮ್ಮಿಗಿಂತ ಕೂದಲೆಳೆ ಹಿಂದೆ ಬೀಳಬೇಕಾ ಅನ್ನುವುದೆಲ್ಲ ಬಲಗೈ ಬೇರೆ ಕೆಲಸದಲ್ಲಿರುವಾಗ ನೋಡಿಕೊಳ್ಳುವುದು ಕಷ್ಟ.

ನಿಮ್ಮ ಗೆಳೆಯರು ವೈಟ್ ಸ್ಟ್ರೈಪ್ಸ್ ಬ್ಯಾಂಡಿನ 'ಸೆವೆನ್ ನೇಷನ್ ಆರ್ಮಿ'ಯ ಬೇಸ್ ಎಷ್ಟು ಚೆನ್ನ ಅಂತಲೂ ಹೇಳಬಹುದು. ತಯಾರಿರಿ. ಆ 2003ರ ರಿಫ್ ಬೇಸಿನದಲ್ಲ, ಗಿಟಾರನ್ನು ಪೆಡಲ್ ಹಾಕಿ ಒಂದು ಸಪ್ತಕ ಇಳಿಸಿದ್ದು. ಆ ಬ್ಯಾಂಡಿನಲ್ಲಿ ಬೇಸಿನವನೇ ಇರಲಿಲ್ಲ.

ಕಲಿಯುವ ವಿಷಯಕ್ಕೆ ಬಂದರೆ ಜೋನ್ಸ್‌ನಿಂದ ಶುರು ಮಾಡಬೇಡಿ. ಮೊದಲು ಕ್ವೀನ್‌ನ ಜಾನ್ ಡೀಕನ್. 1980ರ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಅವನೇ ಬರೆದ ಹಾಡು. ಸ್ವರ ಕೆಲವೇ, ನಡುವಿನ ಬಿಡುವೇ ಅದರ ಜೀವ. ಬಿಡುವಿನಲ್ಲಿ ತಂತಿಯನ್ನು ಎರಡೂ ಕೈಯಿಂದ ಮುಟ್ಟಿ ಸದ್ದು ಪೂರ್ತಿ ನಿಲ್ಲಿಸಬೇಕು. ಹೊಸಬರು ತಪ್ಪುವುದು ಅಲ್ಲೇ. ಆಮೇಲೆ 'ಹೈವೇ ಟು ಹೆಲ್', ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿಕೊಂಡು. ಸುಲಭ ಅನ್ನಿಸುತ್ತದೆ, ರೆಕಾರ್ಡ್ ಮಾಡಿ ಕೇಳಿದರೆ ಎಲ್ಲಿ ಓಡಿದ್ದೀರಿ ಅಂತ ಗೊತ್ತಾಗುತ್ತದೆ. ಅದಾದ ಮೇಲೆ 'ಸಮ್‌ಥಿಂಗ್', ನುಡಿಸುವ ಮೊದಲು ಬಾಯಲ್ಲಿ ಹಾಡಿ. 'ರ‍್ಯಾಂಬಲ್ ಆನ್' ಕೊನೆಗೆ. ಸ್ಲಾಪ್ ಬೇಡ ಅಂತಲ್ಲ, ಬೆರಳು ತಾಳಕ್ಕೆ ಕೂತ ಮೇಲೆ ಸಾಕು.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಕಾರವಾರದ ಉಪ್ಪು ಗಾಳಿಯಲ್ಲಿ ರೌಂಡ್‌ವೌಂಡ್ ತಂತಿ ಬೇಗ ಮಂಕಾಗುತ್ತದೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತದೆ. ಎಂಟ್‌ವಿಸಲ್‌ನ ಝಣ್ ಸದ್ದು ನಮ್ಮ ಕರಾವಳಿಯಲ್ಲಿ ದುಬಾರಿ ಶೋಕಿ. ಫ್ಲಾಟ್‌ವೌಂಡ್, ಅಂದರೆ ಮೇಲ್ಮೈ ನುಣುಪಾಗಿರುವ ತಂತಿ ಹಾಕಿಸಿ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ. ಜೇಮರ್ಸನ್ ಬಳಸುತ್ತಿದ್ದದ್ದೂ ಅದೇ, ಹ್ಯಾರಿಸ್ ಬಳಸುವುದೂ ಅದೇ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಜೂನ್ ಬಂದರೆ ಮರ ನೀರು ಕುಡಿದು ಕುತ್ತಿಗೆ ಬಾಗುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ. ಆಗ ಕುತ್ತಿಗೆಯೊಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳನ್ನು ತಿರುಗಿಸಬೇಕು. ತಿಳಿದವರ ಕೈಯಲ್ಲಿ ಮಾಡಿಸಿ. ನೀವೇ ಮಾಡುವುದಾದರೆ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಒಂದು ದಿನ ಹಾಗೇ ಬಿಡಿ, ಮತ್ತೆ ಅಳೆದು ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು.